ಊಟ ಆಯ್ತಾ ಅಂತ ಕೇಳಿ ಬರೆದಿದ್ದೆ

ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷದ ಫಲಿತಾಂಶ ಬಂದಾಗ ನಾನು ಅನಾಟಮಿ-ಫಿಸಿಯಾಲಜಿ ಪೇಪರಿನಲ್ಲಿ ಫೇಲಾಗಿದ್ದೆ. ಓದಿರಲಿಲ್ಲ ಅಂತಲ್ಲ. ರಾತ್ರಿ ಹನ್ನೊಂದರ ತನಕ ಹಾಸ್ಟೆಲಿನ ಓದುಕೋಣೆಯಲ್ಲೇ ಇರುತ್ತಿದ್ದೆ. ಆದರೆ ಓದಿದ್ದು ಬರೀ ಬಾಯಿಪಾಠ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಪಿಯುಸಿಯನ್ನು ಹೇಗೋ ಇಂಗ್ಲಿಷಿನಲ್ಲಿ ದಾಟಿ, 2012ರಲ್ಲಿ ಮಂಗಳೂರಿಗೆ ಬಂದವಳು ನಾನು. ಪುಸ್ತಕದ ಸಾಲು ಸಾಲೇ ನೆನಪಿರುತ್ತಿತ್ತು, ಅರ್ಥ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಪೆನ್ನು ನಿಂತುಬಿಡುತ್ತಿತ್ತು.

ಸಪ್ಲಿಮೆಂಟರಿ ಪರೀಕ್ಷೆಗೆ ಓದುವಾಗ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಪ್ರತಿ ಪುಟಕ್ಕೂ ಮೂರು ಅಂಕಣದ ಗೆರೆ ಹಾಕಿದೆ. ಮೊದಲನೆಯದರಲ್ಲಿ ಪುಸ್ತಕದ ಪದ. ಎರಡನೆಯದರಲ್ಲಿ ಅದರ ಅರ್ಥ, ನನ್ನ ಕನ್ನಡದಲ್ಲಿ. ಮೂರನೆಯದರಲ್ಲಿ ಅದೇ ತೊಂದರೆಯನ್ನು ನಮ್ಮೂರಿನ ಜನ ಏನಂತ ಹೇಳುತ್ತಾರೋ ಆ ಮಾತು. ಡಿಸ್ಪ್ನಿಯಾ, ಉಸಿರಾಟದ ತೊಂದರೆ, ದಮ್ಮು. ಪ್ಯಾಲ್ಪಿಟೇಶನ್, ಹೃದಯದ ಬಡಿತ ಜೋರಾಗಿ ಗೊತ್ತಾಗುವುದು, ಎದಿ ಡವಡವ. ನಂಬ್‌ನೆಸ್, ಸ್ಪರ್ಶ ತಿಳಿಯದಿರುವುದು, ಜೋಮು. ಚಿತ್ರಗಳನ್ನೆಲ್ಲ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ದೊಡ್ಡದಾಗಿ ಬರೆದು, ರಕ್ತ ಹೃದಯದ ಬಲ ಮೇಲ್ಕೋಣೆಗೆ ಬಂದಲ್ಲಿಂದ ಶ್ವಾಸಕೋಶ ಸುತ್ತಿ ಮಹಾಪಧಮನಿ ಸೇರುವವರೆಗೂ ಬೆರಳಿಟ್ಟುಕೊಂಡು ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೆ. ಕನ್ನಡದಲ್ಲಿ ತಡವರಿಸದೆ ಹೇಳಲು ಬಂದ ಮೇಲೆಯೇ ಇಂಗ್ಲಿಷಿನಲ್ಲಿ ಬರೆಯಲು ಕೂರುತ್ತಿದ್ದೆ. ಕನ್ನಡ ಮಾಧ್ಯಮದಿಂದ ಬರುವ ತಂಗಿಯರಿಗೂ ತಮ್ಮಂದಿರಿಗೂ ನಾನು ಮೊದಲು ಹೇಳುವುದು ಇದನ್ನೇ. ಈಗ ವಾರ್ಷಿಕ ಪರೀಕ್ಷೆ ಹೋಗಿ ಎಂಟು ಸೆಮಿಸ್ಟರ್ ಬಂದಿವೆ, ಹಾಗಾಗಿ ಅರ್ಥವಾಗದ್ದನ್ನು ಮುಂದಕ್ಕೆ ತಳ್ಳುತ್ತಾ ಹೋಗಲು ನಮಗಿದ್ದಷ್ಟು ಸಮಯವೂ ನಿಮಗಿಲ್ಲ.

ನನ್ನ ರೂಂಮೇಟ್ ಕೊಟ್ಟಾಯಂ ಕಡೆಯ ಹುಡುಗಿ. ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದ ಮಕ್ಕಳು ಎಷ್ಟಿರುತ್ತಾರೆ ಅಂತ ಅಲ್ಲಿ ಓದಿದವರಿಗೆಲ್ಲ ಗೊತ್ತು. ಅವಳ ಇಂಗ್ಲಿಷ್ ಚೆನ್ನಾಗಿತ್ತು, ರೋಗಿಗೆ ಏನೇನು ಆರೈಕೆ ಬೇಕೆಂದು ಬರೆಯುವ ಕೇರ್ ಪ್ಲಾನನ್ನು ಅಚ್ಚುಕಟ್ಟಾಗಿ ಬರೆಯುತ್ತಿದ್ದಳು. ಆದರೆ ವಾರ್ಡಿಗೆ ಹೋದರೆ ರೋಗಿಯ ಮುಂದೆ ಮಾತು ಹೊರಡುತ್ತಿರಲಿಲ್ಲ. ನನಗೆ ಮಾತು ಬರುತ್ತಿತ್ತು, ಬರವಣಿಗೆ ಬರುತ್ತಿರಲಿಲ್ಲ. ಹಾಗಾಗಿ ಇಬ್ಬರೂ ಪಕ್ಕಪಕ್ಕದ ಬೆಡ್ಡುಗಳನ್ನು ಕೇಳಿ ಪಡೆಯುತ್ತಿದ್ದೆವು. ಇಬ್ಬರ ರೋಗಿಗಳನ್ನೂ ನಾನು ಮಾತಾಡಿಸುವುದು, ರಾತ್ರಿ ಕೂತು ಅದನ್ನು ಹೇಗೆ ಬರೆಯಬೇಕೆಂದು ಅವಳು ತೋರಿಸುವುದು. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಅವಳು ಕನ್ನಡದಲ್ಲಿ ಜಗಳವಾಡುವಷ್ಟು ಕಲಿತಿದ್ದಳು.

ನನ್ನ ಕನ್ನಡವೂ ಎಲ್ಲ ಕಡೆ ನಡೆಯುತ್ತಿರಲಿಲ್ಲ ಅನ್ನಿ. ಮಂಗಳೂರಿನ ವಾರ್ಡೊಂದರಲ್ಲಿ ಹತ್ತು ಬೆಡ್ಡು ದಾಟುವಷ್ಟರಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಎಲ್ಲವೂ ಕಿವಿಗೆ ಬೀಳುತ್ತವೆ. ಮೊದಲ ಸಲ ಒಬ್ಬ ತುಳು ಅಜ್ಜಿ ಹೊಟ್ಟೆ ಮುಟ್ಟಿಕೊಂಡು "ಬೇನೆ" ಅಂದಾಗ ನನಗೆ ಎಲ್ಲಿಲ್ಲದ ಸಮಾಧಾನವಾಯಿತು. ನಮ್ಮ ಕಡೆ ಅದು ಬ್ಯಾನಿ. ಹೊಟ್ಟಿಬ್ಯಾನಿ, ಹೆರಿಗಿ ಬ್ಯಾನಿ ಅಂತೀವಿ. ಬೆಂಗಳೂರು ಮೈಸೂರಿನ ಕ್ಲಾಸ್‌ಮೇಟುಗಳಿಗೆ ನೋವು ಅಂದರಷ್ಟೇ ಗೊತ್ತು. ಘಟ್ಟದ ಮೇಲಿನಿಂದ ಬಂದ ನನಗೂ ಕಡಲ ಬದಿಯ ಆ ಅಜ್ಜಿಗೂ ಆ ಪದ ಒಂದೇ ಆಗಿತ್ತು. ರೂಂಮೇಟ್ ತನ್ನ ಭಾಷೆಯಲ್ಲಿ "ವೇದನ" ಎಂದಳು, ಅದೂ ಸುಲಭ. ಅಂದು ನೋಟ್‌ಬುಕ್ಕಿನಲ್ಲಿ ನಾಲ್ಕನೇ ಅಂಕಣಕ್ಕೆ ಗೆರೆ ಹಾಕಿದೆ.

ಇನ್ನು ಹೇಳಲೇಬೇಕಾದದ್ದು ಎರಡನೇ ವರ್ಷದ ಮೆಡಿಕಲ್ ವಾರ್ಡಿನ ಆ ಬೆಳಿಗ್ಗೆ. ನನ್ನ ಬೆಡ್ಡಿನಲ್ಲಿದ್ದವರು ನಮ್ಮ ಕಡೆಯವರೇ ಒಬ್ಬ ಅಜ್ಜ. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಗಾಯ. ನನ್ನ ಮಾತು ಕೇಳಿ ಅವರಿಗೆ ಊರೇ ಬಂದಷ್ಟು ಖುಷಿ. ಸ್ಟಾಫ್ ಸಿಸ್ಟರ್ ತಿಂಡಿಗೆ ಅರ್ಧ ಗಂಟೆ ಮೊದಲು, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಕೊಟ್ಟು ಹೋದರು. ಆಮೇಲೆ ನಾನು ಹೋಗಿ, "ಊಟ ಆತೇನ್ರಿ ಅಜ್ಜಾರ?" ಅಂದೆ.

"ಆತವ್ವಾ ತಂಗಿ, ನಿಂದಾತೇನು?" ಅಂದರು.

ನನ್ನದೂ ಆತು ಅಂದೆ. ಚಾರ್ಟಿನಲ್ಲಿ ಆಹಾರ ಸೇವಿಸಿದ್ದಾರೆ ಎಂದು ಬರೆದೆ, ಮುಂದಿನ ಬೆಡ್ಡಿಗೆ ಹೋದೆ.

ಒಂದು ಗಂಟೆಯಾಗಿರಬಹುದು, "ಯವ್ವಾ, ಜೀವ ಹೆಂಗೋ ಆಗಾಕ್ಹತ್ತೈತಿ. ಕಣ್ಣಿಗೆ ಕತ್ತಲಿ ಬಂದಂಗ ಆಗತೈತಿ" ಎಂದು ಕರೆದರು. ಹಣೆ ಮುಟ್ಟಿದರೆ ತಣ್ಣನೆಯ ಬೆವರು, ಕೈ ನಡುಗುತ್ತಿತ್ತು. ಮೂರನೇ ಅಂಕಣದಲ್ಲಿ "ಕಣ್ಣಿಗೆ ಕತ್ತಲಿ" ಎಂದು ನಾನೇ ಬರೆದುಕೊಂಡಿದ್ದೆ, ಅದರ ಎದುರಿಗೆ ಹೈಪೊಗ್ಲೈಸೀಮಿಯಾ, ಅಂದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿಯುವುದು, ಎಂದೂ ಇತ್ತು. ರೂಂಮೇಟ್ ಸಿಸ್ಟರನ್ನು ಕರೆಯಲು ಓಡಿದಳು. ಗ್ಲೂಕೋಮೀಟರ್ 52 ತೋರಿಸಿತು. 70ಕ್ಕಿಂತ ಕೆಳಗಿಳಿದರೆ ಕಡಿಮೆ ಎಂದೇ ಲೆಕ್ಕ. ಎಚ್ಚರವಿದ್ದು ನುಂಗಲು ಬರುತ್ತಿದ್ದುದರಿಂದ ಸಿಸ್ಟರ್ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದರು. ಸುಮಾರು 15 ಗ್ರಾಂ ಸಕ್ಕರೆ ಕೊಡುವುದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸುವುದು, ಇದು ಪುಸ್ತಕದಲ್ಲೂ ಇದೆ. ಆ 15 ನಿಮಿಷ ಎಷ್ಟು ಉದ್ದ ಎಂಬುದು ಗಡಿಯಾರ ನೋಡುತ್ತಾ ಅವರ ಕೈ ಹಿಡಿದು ನಿಂತಾಗಲೇ ನನಗೆ ತಿಳಿದದ್ದು. ಎರಡನೇ ಸಲ 88 ಬಂತು.

ಮಂಚದ ಕೆಳಗೆ ಬಗ್ಗಿ ನೋಡಿದರೆ ತಟ್ಟೆಯ ಗಂಜಿ ಹಾಗೇ ಇತ್ತು. "ಈ ದಪ್ಪ ಅಕ್ಕಿ ಗಂಜಿ ಗಂಟಲದಾಗ ಇಳಿಯಂಗಿಲ್ಲವ್ವಾ. ಒಂದ ರೊಟ್ಟಿ ಇದ್ದಿದ್ರ ತಿಂತಿದ್ದೆ" ಅಂದರು. ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಕುಚ್ಚಲಕ್ಕಿ ಗಂಜಿ ಸೇರದು ಅಂತ ನನಗೆ ಗೊತ್ತಿರಬೇಕಿತ್ತು. ಕಾಲೇಜು ಸೇರಿದ ಮೊದಲ ತಿಂಗಳು ನನಗೂ ಅದು ಸೇರಿರಲಿಲ್ಲ.

ಸಿಸ್ಟರ್ ಬೈಯಲಿಲ್ಲ. ಚಾರ್ಟ್ ತೆರೆದು ನನ್ನ ಅಕ್ಷರದ ಮೇಲೆ ಬೆರಳಿಟ್ಟು, "ಇದನ್ನು ನೋಡಿ ಬರೆದದ್ದಾ, ಕೇಳಿ ಬರೆದದ್ದಾ?" ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮಲ್ಲಿ ಊಟ ಆಯ್ತಾ ಅನ್ನುವುದು ನಮಸ್ಕಾರ ಇದ್ದ ಹಾಗೆ. ತುಳುವಿನಲ್ಲೂ "ವಣಸ್ ಆಂಡಾ?" ಎಂದೇ ಮಾತು ಶುರು. ಆಗಿರಲಿ ಬಿಡಲಿ, ಆಯ್ತು ಅನ್ನುವುದು ಮರ್ಯಾದೆ. ಅಜ್ಜ ಸುಳ್ಳು ಹೇಳಿರಲಿಲ್ಲ, ನಾನು ನರ್ಸ್ ಆಗಿ ಕೇಳಿರಲಿಲ್ಲ. ಅಂದಿನಿಂದ "ಏನು ತಿಂದ್ರಿ, ಎಷ್ಟು ತಿಂದ್ರಿ" ಎಂದೇ ಕೇಳುತ್ತೇನೆ, ತಟ್ಟೆ ನೋಡಿದ ಮೇಲೆಯೇ ಬರೆಯುತ್ತೇನೆ. ಮೂತ್ರ ಆಯ್ತಾ ಅನ್ನುವುದಿಲ್ಲ, ಎಷ್ಟು ಹೊತ್ತಿಗೆ, ಯಾವ ಬಣ್ಣ ಅನ್ನುತ್ತೇನೆ.

ಅದೇ ವಾರ ಸಿಸ್ಟರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಇನ್ಸುಲಿನ್ ಸಿರಿಂಜುಗಳ ಪಾಠ ಮಾಡಿದರು. ನಮ್ಮಲ್ಲಿ ಇನ್ಸುಲಿನ್ ತುಂಬಿದ ಪುಟ್ಟ ಬಾಟಲಿ, ಅಂದರೆ ವಯಲ್, ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್ಟಿನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100 ಯೂನಿಟ್ಟಿನದಕ್ಕೆ ಕಿತ್ತಳೆ ಮುಚ್ಚಳದ್ದು. 40ರ ಔಷಧಿಯನ್ನು 100ರ ಸಿರಿಂಜಿನಲ್ಲಿ ಹತ್ತರ ಗೆರೆಗೆ ಎಳೆದರೆ ರೋಗಿಗೆ ಹೋಗುವುದು ನಾಲ್ಕೇ ಯೂನಿಟ್. ಅದಲುಬದಲಾಗಿ ಹಿಡಿದರೆ ಎರಡೂವರೆ ಪಟ್ಟು. ಪರೀಕ್ಷೆಗೆ ಇದು ಎರಡು ಅಂಕದ ಪ್ರಶ್ನೆ.

ಲೆಕ್ಕ ನನಗೆ ಮೊದಲಿನಿಂದಲೂ ಇಷ್ಟ, ಹಾಗಾಗಿ ಡ್ರಿಪ್ ಕಷ್ಟವಾಗಲಿಲ್ಲ. 500 ಎಂಎಲ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ ಒಂದು ಎಂಎಲ್‌ಗೆ 15 ಹನಿಯದು ಎಂದಾದರೆ 500ನ್ನು 15ರಿಂದ ಗುಣಿಸಿ 240 ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ 31 ಹನಿ. ಗೋಡೆ ಗಡಿಯಾರ ನಂಬದೆ ಸೆಕೆಂಡಿನ ಮುಳ್ಳಿರುವ ಕೈಗಡಿಯಾರ ಕಟ್ಟಿಕೊಳ್ಳಿ. 15 ಸೆಕೆಂಡಿಗೆ ಎಂಟು ಹನಿ ಬೀಳುವ ಹಾಗೆ ಹೊಂದಿಸಿ, ಆಮೇಲೆ ಪೂರ್ತಿ ಒಂದು ನಿಮಿಷ ಎಣಿಸಿ. ರೋಗಿ ಮಗ್ಗುಲು ಬದಲಿಸಿದರೆ ಮತ್ತೆ ಎಣಿಸಬೇಕು.

ಹಾಜರಾತಿಯ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಥಿಯರಿಗೆ 80 ಶೇಕಡಾ ಸಾಕು, ಆದರೆ ಪದವಿ ಕೈಗೆ ಬರಬೇಕಾದರೆ ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ವಾರ್ಡಿನಲ್ಲಿ ಮಾಡುವ ಕೆಲಸ, ನೂರಕ್ಕೆ ನೂರು ಮುಗಿದಿರಬೇಕು. ಮೂರನೇ ವರ್ಷ ನನಗೆ ಚಿಕನ್‌ಪಾಕ್ಸ್ ಬಂದು ಒಂಬತ್ತು ದಿನ ಹೋಯಿತು. ದೀಪಾವಳಿಗೆ ಊರಿಗೆ ಹೋಗದೆ ಆ ಒಂಬತ್ತು ದಿನ ತುಂಬಿಕೊಟ್ಟೆ.

ನಾಲ್ಕನೇ ವರ್ಷ ಹೆರಿಗೆ ವಾರ್ಡಿಗೆ ಬರುವ ಹೊತ್ತಿಗೆ ನೋಟ್‌ಬುಕ್ಕಿನ ಕೊನೆಯ ಪುಟಗಳಷ್ಟೇ ಉಳಿದಿದ್ದವು. ಎಲ್ಲ ಕೇರ್ ಪ್ಲಾನಿನಲ್ಲೂ ನಾವು ತಪ್ಪದೆ ಬರೆಯುತ್ತಿದ್ದ ಒಂದು ಸಾಲಿದೆ, "ರಿಅಶೂರ್ ದ ಪೇಶೆಂಟ್". ನೂರಾರು ಸಲ ಬರೆದಿದ್ದರೂ ಅದರ ಮುಂದಿನ ಅಂಕಣಗಳನ್ನು ನಾನು ತುಂಬಿರಲಿಲ್ಲ. ಬಾಯಿ ಬಿಟ್ಟು ಏನು ಹೇಳಬೇಕೆಂದೇ ಗೊತ್ತಿರಲಿಲ್ಲ. ಒಂದು ರಾತ್ರಿ ಚೊಚ್ಚಲ ಹೆರಿಗೆಯ ಹುಡುಗಿಯೊಬ್ಬಳು ಬೇನೆ ತಾಳಲಾರದೆ ನನ್ನ ಮುಂಗೈ ಹಿಡಿದುಕೊಂಡಳು. ನಾನು ಸುಮ್ಮನೆ ನಿಂತಿದ್ದೆ. ವಾರ್ಡಿನ ವಯಸ್ಸಾದ ಆಯಾ ಅವಳ ತಲೆ ಸವರುತ್ತಾ ಒಂದೇ ಪದ ಹೇಳುತ್ತಿದ್ದರು. ನಾನೂ ಅದನ್ನೇ ಹೇಳತೊಡಗಿದೆ. ಬೆಳಗಿನ ಜಾವ ಮಗು ಅತ್ತಿತು. ಡ್ಯೂಟಿ ಮುಗಿಸಿ ಬಂದವಳೇ ಆ ಖಾಲಿ ಸಾಲನ್ನು ತುಂಬಿದೆ. ಎರಡನೇ ಅಂಕಣದಲ್ಲಿ ಧೈರ್ಯ ಹೇಳುವುದು, ಮೂರನೆಯದರಲ್ಲಿ ಅಂಜಬ್ಯಾಡ, ನಾಲ್ಕನೆಯದರಲ್ಲಿ ಆ ಆಯಾ ಹೇಳಿಕೊಟ್ಟ ಪದ: ಪೋಡಿಯೊಡ್ಚಿ.