ಮಣ್ಣಿನಿಂದ ತಿಥಿವರೆಗೆ: ಕೈ ಬಿಗಿಯಿರುವ ಮನೆಯ ಲೆಕ್ಕ

ಮಂಡ್ಯ-ಮೈಸೂರು ಕಡೆಯ ನಮ್ಮಂಥ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಖರ್ಚು ಬರೆದಿಡುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಯಾರ ಮನೆಯ ಪುಸ್ತಕ ತೆಗೆದರೂ ಮಣ್ಣು ಮಾಡಿದ ಖರ್ಚು ಅರ್ಧ ಪುಟ. ಅಲ್ಲಿಂದ ಹನ್ನೊಂದನೇ ದಿನದ ತಿಥಿವರೆಗಿನ ಊಟ, ಕಾಫಿ, ಬಾಡಿಗೆ ಸಾಮಾನು ಮೂರು ಪುಟ. ಹಾಗಾಗಿ ಚಟ್ಟದ ಬಿದಿರಿಗೆ ಚೌಕಾಸಿ ಮಾಡಿ ಉಳಿಸುವುದು ಏನೂ ಇಲ್ಲ. ಉಳಿತಾಯ ಬೇರೆ ಕಡೆ ಇದೆ.

ಮೊದಲ ಅರ್ಧ ಗಂಟೆಯಲ್ಲಿ ದುಡ್ಡು ಯಾರ ಕೈಯಲ್ಲಿ ಅನ್ನುವುದು ತೀರ್ಮಾನವಾಗಬೇಕು. ಮಗನ ಕೈಯಲ್ಲಂತೂ ಬೇಡ. ಆ ಹೊತ್ತಿಗೆ ಯಾರು ಏನು ಕೇಳಿದರೂ ಜೇಬಿಗೆ ಕೈ ಹಾಕಿ ಕೊಟ್ಟುಬಿಡುತ್ತಾನೆ. ಅಳಿಯನೋ ದಾಯಾದಿಯಲ್ಲೊಬ್ಬ ಗಟ್ಟಿಗನೋ ಆಗಬೇಕು. ಒಂದು ನೂರು ಪುಟದ ನೋಟ್‌ಬುಕ್, ಒಂದು ಕೈಚೀಲ. ‘ನಾನು ಕೊಟ್ಟಿರ್ತೀನಿ, ಆಮೇಲೆ ನೋಡೋಣ’ ಅಂದವರ ಹೆಸರು, ಮೊತ್ತ ಅಲ್ಲೇ ಬರೆಯಿರಿ. ಮೂರು ಜನ ಮೂರು ಕಡೆ ಹೂವಿಗೆ ಹೇಳಿ, ಶಾಮಿಯಾನ ಎರಡು ಬಂದು ನಿಂತದ್ದು ನಮ್ಮಲ್ಲಿ ಹೊಸದೇನಲ್ಲ.

ಆಮೇಲಿನ ಪ್ರಶ್ನೆ ಯಾವಾಗ ಎತ್ತುವುದು. ಖರ್ಚಿಗೆ ಮೂಲವೇ ಕಾಯುವುದು. ದೂರದಲ್ಲಿರುವ ಮಕ್ಕಳು ಏಳೆಂಟು ಗಂಟೆಯಲ್ಲಿ ಬರುವಂತಿದ್ದರೆ ಕಾಯಿರಿ, ಬಿಸಿಲಿಲ್ಲದ ಕೋಣೆ ಸಾಕು. ರಾತ್ರಿ ದಾಟುವುದಾದರೆ ಫ್ರೀಜರ್ ಬಾಕ್ಸ್ ತರಿಸಲೇಬೇಕು. ದಿನಕ್ಕೆ ಎರಡರಿಂದ ಮೂರು ಸಾವಿರ, ಸಾಗಾಟ ಬೇರೆ. ಜೊತೆಗೆ ಶಾಮಿಯಾನ, ಕುರ್ಚಿ, ಲೈಟು ಎರಡನೇ ದಿನಕ್ಕೆ ಹೋಗುತ್ತವೆ. ‘ಎಲ್ಲಾರೂ ಬರ್ಲಿ’ ಅಂತ ಕಾಯುವವರು ಅರ್ಧ ದಿನದ ಬೆಲೆ ಎಷ್ಟೆಂದು ಒಮ್ಮೆ ಕೂಡಿಸಿ ನೋಡಬೇಕು. ಫ್ರೀಜರ್ ಬಾಕ್ಸಿಗೆ ಕರೆಂಟು ಕೈಕೊಟ್ಟರೆ ಏನು ಮಾಡುವುದೆಂದು ಬಾಡಿಗೆಯವರನ್ನು ಮೊದಲೇ ಕೇಳಿ. ಹಳ್ಳಿಗಳಲ್ಲಿ ಕೈಕೊಡುವುದು ಇದೇ.

ಸಾವಿನ ಸುದ್ದಿ ಹೇಳುವ ಫೋನಿನಲ್ಲೇ ಹತ್ತಿರದವರಿಗೆ ಒಂದು ಮಾತು ಸೇರಿಸಿ: ಹಾರ ತರಬೇಡಿ, ಮೂಟೆಯೇ ಬೇಕೆಂದಿಲ್ಲ, ಮನೆಯಿಂದ ಐದು ಕೆ.ಜಿ. ಅಕ್ಕಿ ತನ್ನಿ, ಇಲ್ಲ ಮುಯ್ಯಿ ಕೈಗೆ ಕೊಡಿ. ಮೂವತ್ತು ಹಾರ ಬಂದರೆ ಚಟ್ಟದ ಮೇಲೆ ಜಾಗವೇ ಇರುವುದಿಲ್ಲ, ಸಂಜೆಗೆ ಸ್ಮಶಾನದ ಬೇಲಿ ಮೇಲೆ. ಗಂಡ ತೀರಿಕೊಂಡ ಹೆಂಗಸಿಗೆ ತವರಿನವರು ತರುವ ಸೀರೆಯೂ ಹಾಗೇ; ಪದ್ಧತಿಗೆ ಒಂದು ಸಾಕು, ಉಳಿದವರು ನಗದು ಕೊಟ್ಟರೆ ಆ ಹೆಂಗಸಿನ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಕೇಳಲು ನಾಚಿಕೆಯಾಗುತ್ತದೆ, ನಿಜ. ಅದಕ್ಕೇ ಮನೆಯವರ ಬದಲು ನೋಟ್‌ಬುಕ್ ಹಿಡಿದವನು ಕೇಳಬೇಕು.

ಚಟ್ಟಕ್ಕೆ ಏಳೆಂಟು ಅಡಿಯ ಎರಡು ಹಸಿ ಬಿದಿರು ಗಳ, ಅಡ್ಡಕ್ಕೆ ಎರಡಡಿಯ ಏಳು ಅಥವಾ ಒಂಬತ್ತು ದಬ್ಬೆ, ಸೆಣಬಿನ ಹುರಿ, ಒಂದು ಹೊರೆ ಹುಲ್ಲು, ಒಂದು ಚಾಪೆ. ಒಣಗಿದ ಬಿದಿರು ಭಾರಕ್ಕೆ ಗೆಣ್ಣಿನ ಹತ್ತಿರ ಸೀಳುತ್ತದೆ. ನೈಲಾನ್ ಹಗ್ಗ ಅಗ್ಗವೆಂದು ತಂದರೆ ಗಂಟು ಜಾರುತ್ತದೆ. ಅಡ್ಡ ದಬ್ಬೆಗೂ ಗಳಕ್ಕೂ ಹುರಿಯನ್ನು ಸುಮ್ಮನೆ ಸುತ್ತದೆ ಕತ್ತರಿಯಂತೆ ಎರಡು ಸುತ್ತು ಹಾಕಿ ಬಿಗಿಯಿರಿ, ಸೊಂಟದ ಕೆಳಗೆ ಬರುವ ಎರಡು ದಬ್ಬೆಗಳನ್ನು ಒತ್ತಾಗಿ ಕಟ್ಟಿ. ಭಾರವೆಲ್ಲ ಬೀಳುವುದು ಅಲ್ಲೇ. ಇದರ ಜೊತೆ ಕೋರಾ ಬಟ್ಟೆ, ಎರಡು ಹೊಸ ಮಡಕೆ, ಬಾಯಿಗಕ್ಕಿಗೆ ಒಂದು ಸೇರು ಅಕ್ಕಿ, ದಾರಿಗೆ ಚೆಲ್ಲಲು ಎರಡು ಸೇರು ಪುರಿ ಮತ್ತು ಚಿಲ್ಲರೆ, ಅರಿಸಿನ-ಕುಂಕುಮ ಅಥವಾ ವಿಭೂತಿ, ಊದುಬತ್ತಿ, ಕರ್ಪೂರ. ಗ್ರಂಧಿಗೆ ಅಂಗಡಿಯಲ್ಲಿ ‘ಸೆಟ್’ ಅಂತ ಕೊಡುವುದನ್ನು ತೆಗೆದುಕೊಂಡರೆ ಅರ್ಧ ನಿಮ್ಮ ಪದ್ಧತಿಗೆ ಬೇಡದ್ದೇ ಇರುತ್ತದೆ. ಮನೆಯ ಹಿರಿಯರಿಗೆ ಓದಿ ಹೇಳಿ ಒಂದೊಂದಾಗಿ ತನ್ನಿ.

ಸ್ವಂತ ಜಮೀನಿನಲ್ಲಿ ಹೂಳುವವರಿಗೆ ಗುಂಡಿ ತೆಗೆಯುವ ಕೂಲಿಯಷ್ಟೇ. ಆ ಕೂಲಿಯಲ್ಲಿ, ತಮಟೆಯವರ ಕೂಲಿಯಲ್ಲಿ ಹಿಂಡಬೇಡಿ. ಮೊದಲೇ ಮೊತ್ತ ಹೇಳಿ, ಪೂರ್ತಿ ಕೊಡಿ. ‘ಎಣ್ಣೆ’ಯ ಬಾಬತ್ತು ಬೇರೆ ಕೊಡದೆ ಅದರಲ್ಲೇ ಸೇರಿಸಿ ಮಾತಾಡಿದರೆ ಸಂಜೆ ಜಗಳ ಇರುವುದಿಲ್ಲ. ಸುಡುವವರಿಗೆ ಸೌದೆ 300ರಿಂದ 400 ಕೆ.ಜಿ. ಬೇಕು. ಮಳೆಗಾಲದಲ್ಲಿ ಹಸಿ ಸೌದೆ ಬಂದರೆ ಹೊಗೆಯಾಡಿ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ನೂರು ಕೆ.ಜಿ. ತರಿಸಬೇಕಾಗುತ್ತದೆ. ಒಂದು ಮೂಟೆ ಒಣ ತೆಂಗಿನ ಚಿಪ್ಪು, ಬೆರಣಿ ಒಳಗಿಟ್ಟರೆ ಈ ತಾಪತ್ರಯ ಕಡಿಮೆ. ಬೆಂಗಳೂರಿನಲ್ಲಾದರೆ ವಿಲ್ಸನ್ ಗಾರ್ಡನ್, ಬನಶಂಕರಿ, ಹೆಬ್ಬಾಳದ ವಿದ್ಯುತ್ ಚಿತಾಗಾರಗಳಂಥ ಕಡೆ ಸೌದೆಯ ಪ್ರಶ್ನೆಯೇ ಇಲ್ಲ, ಅಸ್ಥಿ ಅದೇ ದಿನ ಸಿಗುತ್ತದೆ. ಚಟ್ಟದ ಅಗಲ ಎಷ್ಟಿರಬೇಕೆಂದು ಫೋನಿನಲ್ಲೇ ಕೇಳಿಕೊಳ್ಳಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಸುಡುವ ಮೊದಲು ವೈದ್ಯರಿಂದ ತೆಗೆಸಲೇಬೇಕು, ಬೆಂಕಿಗೆ ಸಿಡಿಯುತ್ತದೆ. ಸ್ಮಶಾನದ ರಸೀದಿ ಜೋಪಾನ, ಮುಂದೆ ಬೇಕು.

ಆ ದಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಊಟ ಅಕ್ಕಪಕ್ಕದವರದು. ಇದನ್ನೇ ಮೂರು ದಿನಕ್ಕೆ ಎಳೆಯಬಹುದು: ದಾಯಾದಿ ಮನೆಗಳಿಗೆ ಹೊತ್ತು ಹಂಚಿಬಿಡಿ, ಯಾರೂ ಇಲ್ಲವೆನ್ನುವುದಿಲ್ಲ. ಟೀಗೆ ನೂರು ಸಣ್ಣ ಲೋಟಕ್ಕೆ ಹಾಲು ನಾಲ್ಕು ಲೀಟರ್, ಅಷ್ಟೇ ನೀರು, ಸಕ್ಕರೆ ಒಂದು ಕೆ.ಜಿ., ಟೀ ಪುಡಿ 200 ಗ್ರಾಂ. ಮೂರನೇ ದಿನದ ಹಾಲು-ತುಪ್ಪಕ್ಕೆ ಬೇಕಾದದ್ದು ಹಾಲು, ತುಪ್ಪ, ಎಳನೀರು, ಸತ್ತವರಿಗೆ ಇಷ್ಟವಾದ ಒಂದೆರಡು ತಿಂಡಿ. ಇತ್ತೀಚೆಗೆ ಅದಕ್ಕೂ ನೂರು ಜನರ ಊಟ ಹಾಕುವ ಚಟ ಶುರುವಾಗಿದೆ. ಅಂದು ಮನೆಯವರು ಮಾತ್ರ ಅಂತ ಮೊದಲೇ ಹೇಳಿಬಿಡಿ.

ಈಗ ತಿಥಿ. ಬಾಡೂಟ ಹಾಕಲೇಬೇಕು ಅನ್ನುವವರು ಈ ಲೆಕ್ಕ ನೋಡಲಿ. 150 ಜನಕ್ಕೆ ತಲೆಗೆ 150 ಗ್ರಾಂ ಹಿಡಿದರೂ ಮಟನ್ 22.5 ಕೆ.ಜಿ.; ಕೆ.ಜಿ.ಗೆ 750 ಅಂದುಕೊಂಡರೆ 16,875 ರೂಪಾಯಿ, ಮಸಾಲೆ ಬಿಟ್ಟು. ಅದೇ ಜನಕ್ಕೆ ಅವರೆಕಾಳು ಸಾರು ಮಾಡಿದರೆ ಕಾಳು ಆರು ಕೆ.ಜಿ., ಸಾವಿರದ ಆಸುಪಾಸು. ಎರಡರ ನಡುವೆ ಇರುವ ದಾರಿ: ಎಡೆಗೆ ಮಾತ್ರ ಮಾಂಸ, ಪಂಕ್ತಿಗೆ ಕಾಳುಸಾರು, ಮುದ್ದೆ, ಅನ್ನ, ಪಾಯಸ. ಎಡೆಗೆ ಸತ್ತವರಿಗೆ ಇಷ್ಟವಾದದ್ದು ಬಂದರೆ ಶಾಸ್ತ್ರ ಮುಗಿಯಿತು. ನೆಂಟರಿಗೆ ಇಷ್ಟವಾದದ್ದನ್ನು ಯಾವ ಶಾಸ್ತ್ರವೂ ಕೇಳಿಲ್ಲ. ರಾಗಿ ಹಿಟ್ಟು 15 ಕೆ.ಜಿ., ಮುದ್ದೆಗೆ ನೂರು ಗ್ರಾಂ ಲೆಕ್ಕ; ಮುದ್ದೆ ಇರುವುದರಿಂದ ಅಕ್ಕಿ 13 ಕೆ.ಜಿ. ಸಾಕು. ಪ್ಲೇಟಿಗಿಷ್ಟು ಅನ್ನುವ ಕಂಟ್ರಾಕ್ಟ್ ಬೇಡ. ಅಡುಗೆಯವರಿಗೆ ಕೂಲಿ ಕೊಟ್ಟು ಸಾಮಾನು ನೀವೇ ತನ್ನಿ. ಆದರೆ ಅಡುಗೆಯವರು ಬರೆಸುವ ಚೀಟಿಯಲ್ಲಿ ಎಣ್ಣೆ, ಒಣಕೊಬ್ಬರಿ ಯಾವಾಗಲೂ ಜಾಸ್ತಿ ಇರುತ್ತದೆ. ಬರೆಸಿದ್ದರಲ್ಲಿ ಅರ್ಧ ತಂದು, ಬೇಕಾದರೆ ಮತ್ತೆ ಓಡಿ.

ದಾಸಯ್ಯನವರೋ ಅಯ್ಯನವರೋ ಪುರೋಹಿತರೋ, ದಕ್ಷಿಣೆ ಹಿಂದಿನ ದಿನವೇ ಮಾತಾಗಿರಲಿ. ದಾನದ ಪಟ್ಟಿ ಉದ್ದ ಬಂದರೆ ಗೋದಾನಕ್ಕೆ ಬದಲು ತೆಂಗಿನಕಾಯಿ ಮೇಲೆ ದಕ್ಷಿಣೆ ಇಟ್ಟು ಕೊಡುವ ರೂಢಿ ಹಿಂದಿನಿಂದ ಇದೆ, ವಿನಯದಿಂದ ಕೇಳಿದರೆ ಒಪ್ಪುತ್ತಾರೆ. ಫ್ಲೆಕ್ಸು, ಬಂದವರಿಗೆ ಸ್ಟೀಲ್ ಬಟ್ಟಲು ಹಂಚುವುದು, ಇವುಗಳಿಗೆ ನನ್ನ ಪುಸ್ತಕದಲ್ಲಿ ಸಾಲೇ ಇಲ್ಲ.

ಸಾಲದ ಮಾತು. ಊರಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ 50,000 ತಂದರೆ ತಿಂಗಳಿಗೆ 1,500, ವರ್ಷದ ತಿಥಿ ಬರುವ ಹೊತ್ತಿಗೆ ಬಡ್ಡಿಯೇ 18,000. ತರಲೇಬೇಕಾದರೆ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಒಡವೆ ಇಟ್ಟು ತನ್ನಿ.

ಕಾಗದಪತ್ರವನ್ನು ತಿಥಿ ಮುಗಿಯಲಿ ಅಂತ ಬಿಡಬೇಡಿ. ಮರಣ ನೋಂದಣಿಗೆ 21 ದಿನ ಗಡುವು. ಒಂದು ತಿಂಗಳು ದಾಟಿದರೆ ಮೇಲಿನ ಅಧಿಕಾರಿಯ ಅನುಮತಿ; ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಆಸ್ಪತ್ರೆಯಲ್ಲಿ ಹೆಸರು ಬರೆಸುವವರು ಗಾಬರಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು ಬರೆಸಿಬಿಡುತ್ತಾರೆ. ಆಧಾರ್‌ನಲ್ಲಿ ‘ಚಿಕ್ಕತಾಯಮ್ಮ’, ಪ್ರಮಾಣಪತ್ರದಲ್ಲಿ ‘ತಾಯಮ್ಮ’ ಅಂತಾದರೆ ಪಿಂಚಣಿ, ಖಾತೆ, ವಿಮೆ ಎಲ್ಲವೂ ನಿಲ್ಲುತ್ತದೆ. ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಅಕ್ಷರ ಅಕ್ಷರ ನೋಡಿ ಬರೆಸಿ.

ಬಿಪಿಎಲ್ ಕುಟುಂಬಕ್ಕೆ ಅಂತ್ಯಸಂಸ್ಕಾರ ಸಹಾಯಧನ 5,000 ರೂಪಾಯಿ ಇತ್ತು. ಈಗಲೂ ಸಿಗುತ್ತದೆಯೇ ಅಂತ ನಾಡಕಚೇರಿಯಲ್ಲಿ ವಿಚಾರಿಸಿ, ಇದ್ದರೆ ಅರ್ಜಿ ಹಾಕಿ, ಆದರೆ ತಿಥಿ ಖರ್ಚಿಗೆ ಅದನ್ನು ನೆಚ್ಚಬೇಡಿ. ತೀರಿಕೊಂಡವರು ಇಎಸ್‌ಐ ವಿಮಾದಾರರಾಗಿದ್ದರೆ ಅಂತ್ಯಕ್ರಿಯೆಗೆ 15,000ದವರೆಗೆ ಸಿಗುತ್ತದೆ, ಮೂರು ತಿಂಗಳೊಳಗೆ ಕೇಳಬೇಕು. ಕಟ್ಟಡ ಕಾರ್ಮಿಕರ ಕಾರ್ಡು ಇದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಪಿಎಫ್ ಇದ್ದವರ ವಾರಸುದಾರರಿಗೆ ಪಿಎಫ್ ಜೊತೆಗೆ ವಿಮೆಯೂ ಇರುತ್ತದೆ, ಅದನ್ನೂ ಕೇಳಿ.

ಕೊನೆಗೆ ಎಲ್ಲ ಪಾಸ್‌ಬುಕ್ ಎಂಟ್ರಿ ಮಾಡಿಸಿ ಮೇ ಕೊನೆಯ ವಾರದ ಸಾಲುಗಳನ್ನು ಬೆರಳಿಟ್ಟು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, ಎರಡು ಲಕ್ಷ. 20 ರೂಪಾಯಿ ಇದ್ದರೆ ಸುರಕ್ಷಾ ವಿಮೆ, ಅದು ಅಪಘಾತದ ಸಾವಿಗೆ ಮಾತ್ರ. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ. ಖಾತೆ ಮಾಡಿಸುವಾಗ ಯಾವುದೋ ಫಾರಂಗೆ ಹೆಬ್ಬೆಟ್ಟು ಒತ್ತಿದ್ದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಆ ಒಂದು ಸಾಲು ಸಿಕ್ಕರೆ ಅದೇ ದಿನ ಆ ಶಾಖೆಗೇ ಹೋಗಿ ಕ್ಲೇಮ್ ಫಾರಂ ಕೇಳಿ.