ಅಥಣಿ ಚಪ್ಪಲಿ ಕೊಳ್ಳುವ ಮುನ್ನ ತೊಗಲಿನ ಹದ ನೋಡುವ ಬಗೆ

ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಪೇಟೆಗೆ ಬರುವ ಚಪ್ಪಲಿಗಳಲ್ಲಿ ಅನೇಕವು ಅಥಣಿ, ನಿಪ್ಪಾಣಿ ಸುತ್ತಮುತ್ತಲಿನ ಮನೆಗಳಲ್ಲಿ ಹೊಲಿದಂಥವು. 2019ರಲ್ಲಿ ಈ ಚಪ್ಪಲಿಗೆ ದೊರೆತ ಜಿಐ (ಭೌಗೋಳಿಕ ಸೂಚಕ, ಅಂದರೆ ಇಂಥ ಸೀಮೆಯದೇ ಸರಕೆಂಬ ಗುರುತು) ಮಾನ್ಯತೆಯಲ್ಲಿ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಕೊಳ್ಳುವವರು ಸಾಮಾನ್ಯವಾಗಿ ಹೆಣಿಗೆ, ಗೊಂಡೆ, ಬಣ್ಣ ನೋಡಿ ಒಪ್ಪಿಕೊಳ್ಳುತ್ತಾರೆ. ಆದರೆ ಜೋಡಿಯೊಂದು ಎಷ್ಟು ಕಾಲ ಬಾಳುತ್ತದೆ ಎಂಬುದು ಹೊಲಿಗೆಗೆ ಕೂರುವ ಮೊದಲೇ, ತೊಗಲು ಹದವಾಗುವ ಗುಂಡಿಯಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಆದ್ದರಿಂದ ಹದದ ಕ್ರಮವನ್ನು ಸ್ವಲ್ಪ ತಿಳಿದುಕೊಂಡು ಅಂಗಡಿಗೆ ಹೋಗುವುದು ಲೇಸು. ಉಪ್ಪು ಹಾಕಿಟ್ಟ ಹಸಿ ತೊಗಲನ್ನು ನೀರಿನಲ್ಲಿ ನೆನೆಸಿ, ಸುಣ್ಣದ ಗುಂಡಿಯಲ್ಲಿ ಹಲವು ದಿನ ಬಿಟ್ಟು, ಕೂದಲು ಮತ್ತು ಒಳಮೈಯ ಮಾಂಸದ ಪದರವನ್ನು ಕೆರೆದು ತೆಗೆದು, ಸುಣ್ಣ ಹೋಗುವಂತೆ ತೊಳೆಯುತ್ತಾರೆ. ಅನಂತರ ಜಾಲಿ ತೊಗಟೆಯ ಒಗರು ನೀರಿನಲ್ಲಿ ಮುಳುಗಿಸುತ್ತಾರೆ. ಮೊದಲ ನೀರು ತೆಳುವಾಗಿರಬೇಕು, ಬರಬರುತ್ತ ಗಟ್ಟಿಯಾಗಬೇಕು. ಅವಸರಕ್ಕೆ ಬಿದ್ದು ಮೊದಲೇ ಗಟ್ಟಿ ನೀರಿಗೆ ಹಾಕಿದರೆ ಮೇಲ್ಪದರ ಬಿಗಿದುಕೊಂಡು ಒಗರು ಒಳಗೆ ಇಳಿಯದೆ ನಡುವಿನ ಭಾಗ ಹಸಿಯಾಗಿಯೇ ಉಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ಇದಾದ ಮೇಲೆ ತೊಗಲನ್ನೇ ಚೀಲದಂತೆ ಹೊಲಿದು ತೂಗುಹಾಕಿ, ಒಳಗೆ ತೊಗಟೆಯ ಚೂರು, ಅಳಲೆಕಾಯಿ ಮತ್ತು ಒಗರು ನೀರು ತುಂಬಿ, ಆ ನೀರು ತೊಗಲಿನ ರಂಧ್ರಗಳಿಂದ ಜಿನುಗಿ ಹೊರಬರುವಂತೆ ಮಾಡುತ್ತಾರೆ. ಒಂದು ಬದಿ ಆದ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಕಟ್ಟುತ್ತಾರೆ. ಇಡೀ ಕೆಲಸಕ್ಕೆ ವಾರಗಟ್ಟಲೆ ಸಮಯ ಹಿಡಿಯುತ್ತದೆ.

ಪರೀಕ್ಷೆ ಶುರುವಾಗಬೇಕಾದದ್ದು ಅಟ್ಟೆಯ ಅಂಚಿನಿಂದ. ಚಪ್ಪಲಿಯನ್ನು ಬೆಳಕಿಗೆ ಹಿಡಿದು, ಕತ್ತರಿಸಿದ ಬದಿಯನ್ನು ಕಣ್ಣಿನ ಹತ್ತಿರ ತಂದು ನೋಡಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಕಂದು ಬಣ್ಣವಿದ್ದರೆ ಹದ ಪೂರ್ತಿಯಾಗಿದೆ. ನಡುವೆ ಬಿಳಿಚಾದ, ಕೊಂಬಿನಂತೆ ಗಡುಸಾದ ಒಂದು ಗೆರೆ ಓಡಿದ್ದರೆ ಒಗರು ಅಲ್ಲಿಗೆ ತಲುಪಿಲ್ಲ. ಮಳೆಗಾಲದಲ್ಲಿ ಆ ಗೆರೆ ನೀರು ಕುಡಿದು ಉಬ್ಬಿ, ಒಣಗಿದಾಗ ಸೆಟೆದು, ಕೊನೆಗೆ ಅಲ್ಲಿಯೇ ಬಿರುಕು ಬಿಡುತ್ತದೆ. ಅಂಚು ನೀಲಿ ಬೆರೆತ ಬೂದು ಬಣ್ಣದ್ದಾಗಿದ್ದರೆ ತೊಗಲನ್ನು ಕ್ರೋಮಿಯಂ ಲವಣದಿಂದ ಹದ ಮಾಡಿರುವ ಸಂಭವ ಹೆಚ್ಚು. ಅದು ಕೆಟ್ಟ ತೊಗಲೇನೂ ಅಲ್ಲ, ಶೂಗಳ ಮೇಲ್ಭಾಗಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ಜಾಲಿ ಹದದ ಬೆಲೆ ತೆತ್ತು ಅದನ್ನು ಕೊಳ್ಳುವುದು ಬೇಡ. ಅಂಚಿಗೆ ದಪ್ಪನಾದ ಬಣ್ಣ ಬಳಿದು ಒಳಗೇನಿದೆ ಎಂದು ಕಾಣದಂತೆ ಮಾಡಿದ್ದರೆ ನಾನಂತೂ ಆ ಜೋಡಿಯನ್ನು ಕೆಳಗಿಡುತ್ತೇನೆ.

ಹೊಲಿಯುವವರ ಮನೆಗೇ ಹೋಗಿ ಕೊಳ್ಳುವುದಾದರೆ ನೆಲದ ಮೇಲೆ ಬಿದ್ದಿರುವ ಅಟ್ಟೆಯ ಚೂರೊಂದನ್ನು ಕೇಳಿ ತನ್ನಿ. ಅದರಿಂದ ಸೀಳಿದ ತೆಳುವಾದ ಎಳೆಯನ್ನು ಐದು ನಿಮಿಷ ವಿನೆಗರ್‌ನಲ್ಲಿ ಬಿಟ್ಟರೆ ಹಸಿಯುಳಿದ ಪದರವಿದ್ದಲ್ಲಿ ಅದು ಉಬ್ಬಿ ಗಾಜಿನಂತೆ ಪಾರದರ್ಶಕವಾಗುತ್ತದೆ. ಕುದಿಯುವ ನೀರಿಗೆ ಹಾಕಿದರೆ ತೊಗಟೆ ಹದದ ಚೂರು ಮುರುಟಿಕೊಳ್ಳುತ್ತದೆ, ಕ್ರೋಮ್ ಹದದ್ದು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಇನ್ನೂ ಸುಲಭದ ದಾರಿಯೆಂದರೆ, ತುಕ್ಕು ಹಿಡಿದ ಮೊಳೆಯನ್ನು ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿ ಆ ನೀರಿನ ಒಂದು ಹನಿಯನ್ನು ಚೂರಿನ ಮೇಲೆ ಬಿಡುವುದು. ತೊಗಟೆಯ ಒಗರು ಇದ್ದರೆ ಸ್ವಲ್ಪ ಹೊತ್ತಿನಲ್ಲೇ ಅಲ್ಲಿ ಕಪ್ಪು ಕಲೆ ಮೂಡುತ್ತದೆ. ಅಳಲೆಕಾಯಿಗೆ ಕಬ್ಬಿಣ ಬೆರೆಸಿ ಹಿಂದಿನವರು ಮಸಿ ಮಾಡುತ್ತಿದ್ದುದು ಇದೇ ಗುಣವನ್ನು ನಂಬಿ. ಸಾಂಪ್ರದಾಯಿಕ ಜೋಡಿಯಲ್ಲಿ ಮೊಳೆಯ ಬದಲು ತೊಗಲಿನ ಎಳೆಯಿಂದಲೇ ಹೊಲಿಗೆ ಹಾಕುವುದರಿಂದ, ನೆನೆದಾಗ ಮೊಳೆಯ ಸುತ್ತ ಮೂಡುವ ಇಂಥ ಕಪ್ಪು ಕಲೆಯ ಕಾಟವೂ ಅಲ್ಲಿಲ್ಲ.

ಮಾತಿನಲ್ಲಿ ವಿಚಾರಿಸುವಾಗ ಬೆಲೆಗಿಂತ ಮೊದಲು, "ಕಾಕಾ, ಈ ಅಟ್ಟೆ ಎಲ್ಲಿ ಹದ ಆದದ್ದರೀ?" ಎಂದು ಕೇಳಿ. ತೊಗಲು ಇಲ್ಲಿಯದೋ ತಮಿಳುನಾಡಿನ ಕಾರ್ಖಾನೆಯಿಂದ ಬಂದದ್ದೋ ಎಂಬುದು ಹೊಲಿಯುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಈ ಭಾಗದಲ್ಲಿ ಹದ ಮಾಡುವುದು ಢೋರ ಸಮುದಾಯದವರ ಕಸುಬು, ಚಪ್ಪಲಿ ಹೊಲಿಯುವುದು ಸಮಗಾರರದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಡೋಹರ ಕಕ್ಕಯ್ಯನನ್ನು ಮೊದಲನೆಯವರೂ, ಸಮಗಾರ ಹರಳಯ್ಯನನ್ನು ಎರಡನೆಯವರೂ ತಮ್ಮವರೆಂದು ನೆನೆಯುತ್ತಾರೆ. ಜಿಐ ಮಾನ್ಯತೆಯ ಸುದ್ದಿಯಲ್ಲಿಯೂ, 2025ರಲ್ಲಿ ಮಿಲಾನ್‌ನ ಪ್ರದರ್ಶನದಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಇದೇ ಬಗೆಯ ಚಪ್ಪಲಿಯನ್ನು ಮೂಲ ಹೇಳದೆ ತೋರಿಸಿದಾಗ ಎದ್ದ ಗದ್ದಲದಲ್ಲಿಯೂ ಹೊಲಿಯುವವರ ಮಾತು ಬಂತು, ಹದ ಮಾಡುವವರ ಮಾತು ಅಷ್ಟಾಗಿ ಬರಲಿಲ್ಲ. ಹದದ ಗುಂಡಿಗಳನ್ನು ನೋಡಲು ಹೋದರೆ ಮೂಗು ಮುಚ್ಚಿಕೊಂಡು ನಿಲ್ಲಬೇಡಿ, ಕೇಳದೆ ಫೋಟೋ ತೆಗೆಯಬೇಡಿ. ಆ ವಾಸನೆಯ ನೆಪದಲ್ಲಿಯೇ ಇವರನ್ನು ಊರಾಚೆ ಇರಿಸಿದ್ದರೆಂಬುದನ್ನು ಅವರು ಮರೆತಿಲ್ಲ.

ತೊಗಟೆ ಹದವೆಂದರೆ ಪರಿಸರಕ್ಕೆ ಏನೂ ತೊಂದರೆಯಿಲ್ಲ ಎಂಬ ಜಾಹೀರಾತಿನ ಮಾತನ್ನು ಮಾತ್ರ ಪೂರ್ತಿ ನಂಬಬಾರದು. ಅದರಲ್ಲಿ ಕ್ರೋಮಿಯಂ ಇಲ್ಲ, ನಿಜ. ಆದರೆ ಸುಣ್ಣದ ನೀರು ಮತ್ತು ಕಂದು ಒಗರು ನೀರು ಹಾಗೆಯೇ ಹಳ್ಳಕ್ಕೆ ಸೇರಿದರೆ ನೀರಿನಲ್ಲಿರುವ ಆಮ್ಲಜನಕ ಕುಗ್ಗುತ್ತದೆ. ದೊಡ್ಡ ಪ್ರಮಾಣದಲ್ಲಿ ಹದ ಮಾಡಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿಗೆ ಇಳಿಯುವ ಪಾಲಾರ್ ನದಿಯೇ ಸಾಕ್ಷಿ. ನದಿಗೆ ಕೊಳೆನೀರು ಬಿಟ್ಟ ಅಲ್ಲಿನ ತೊಗಲು ಕಾರ್ಖಾನೆಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಮಾಲಿನ್ಯ ಮಾಡಿದವರೇ ಪರಿಹಾರ ಕೊಡಬೇಕು ಎಂದು ತೀರ್ಪು ನೀಡಿತು.

ಹೊಸ ಜೋಡಿಯನ್ನು ಮೊದಲು ಮನೆಯೊಳಗೆ ಸ್ವಲ್ಪ ಹೊತ್ತು ಮೆಟ್ಟಿ ರೂಢಿ ಮಾಡಿಕೊಳ್ಳಿ. ಹೆಬ್ಬೆರಳ ಉಂಗುರ ಕಚ್ಚಿದರೆ ಅದಕ್ಕೂ ಪಟ್ಟಿಗಳಿಗೂ ಬಟ್ಟೆಯಲ್ಲಿ ತುಸು ಹರಳೆಣ್ಣೆ ತಗೊಂಡು ಸವರಿ. ನೆನೆದರೆ ಒಲೆಯ ಹತ್ತಿರವಾಗಲಿ ಬಿಸಿಲಿನಲ್ಲಾಗಲಿ ಇಡದೆ ನೆರಳಿನಲ್ಲಿ ಒಣಗಿಸಿ, ಏಕೆಂದರೆ ಒದ್ದೆಯಾಗಿರುವಾಗ ಬಿಸಿ ತಾಗಿದರೆ ತೊಗಟೆ ಹದದ ತೊಗಲು ಕುಗ್ಗುತ್ತದೆ. ಬೂಷ್ಟು ಬಂದರೆ ಒಣಬಟ್ಟೆಯಲ್ಲಿ ಒರೆಸಿ, ಗಾಳಿಗಿಟ್ಟು, ಆಮೇಲೆ ಎಣ್ಣೆ ಸವರಿದರೆ ಸಾಕು. ಹಿಮ್ಮಡಿಯ ಕಡೆ ಅಟ್ಟೆ ಸವೆಯುತ್ತಿದ್ದಂತೆ, ಮೇಲಿನ ಪದರ ತೂತಾಗುವವರೆಗೆ ಕಾಯದೆ, ಹೊಸ ತುಂಡು ಹಾಕಿಸಿ. ಆ ತುಂಡಿನ ಅಂಚನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿಯೇ ಒಪ್ಪಿಕೊಳ್ಳಿ.