ಟ್ಯಾಲಿ ಬಂತು, ತಾಳೆ ಬಂತಾ? ಅಕೌಂಟೆಂಟ್ ಕೆಲಸ ಕಲಿಯುವ ಬಗೆ

ಕೆಲಸ ಕೇಳಿಕೊಂಡು ಬಂದವರಿಗೆ ನಾನು ಕೊಡುವುದು ಒಂದೇ ಪರೀಕ್ಷೆ. ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಅದೇ ತಿಂಗಳ ನಮ್ಮ ಬ್ಯಾಂಕ್ ಲೆಡ್ಜರ್ (ಬ್ಯಾಂಕ್ ವ್ಯವಹಾರದ್ದು ನಾವೇ ಬರೆದಿಟ್ಟ ಲೆಕ್ಕ) ಪ್ರಿಂಟು, ಒಂದು ಪೆನ್ಸಿಲ್. ‘ಎರಡರ ಕೊನೆ ಮೊತ್ತ ಬೇರೆ ಬೇರೆ ಇದೆ. ಯಾಕೆ ಅಂತ ಹೇಳಪ್ಪ’ ಅನ್ನುತ್ತೇನೆ. ಹೋದ ವರ್ಷ ಬಂದಿದ್ದ ಹುಡುಗನೊಬ್ಬ ಟೇಬಲ್ಲಿನ ಆಚೆ ಈಚೆ ನೋಡಿ, ‘ಸರ್, ಕಂಪ್ಯೂಟರ್ ಎಲ್ಲಿ?’ ಎಂದ. ಅವನ ಫೈಲಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಮೂರು ಸರ್ಟಿಫಿಕೇಟ್ ಇದ್ದವು, ಲ್ಯಾಮಿನೇಷನ್ ಸಮೇತ.

ಅವನನ್ನು ಬೈಯುವಂತಿಲ್ಲ. ಯಾವ ಬಟನ್ ಒತ್ತಬೇಕು ಅಂತ ಕಲಿಸಿದ್ದರು, ಯಾಕೆ ಒತ್ತಬೇಕು ಅಂತ ಕಲಿಸಿರಲಿಲ್ಲ. ಹಾಗಾಗಿ ಈ ಕೆಲಸಕ್ಕೆ ಬರಬೇಕು ಅನ್ನುವವರಿಗೆ ನನಗೆ ಸರಿ ಕಂಡ ದಾರಿ ಹೇಳುತ್ತೇನೆ.

ಮೊದಲು ಓದಿನ ವಿಷಯ. ಪಿಯುಸಿ ಕಾಮರ್ಸ್ ಆಗಿದ್ದರೆ ಶುರು ಮಾಡಬಹುದು, ಬಿ.ಕಾಂ. ಇದ್ದರೆ ಸಂಬಳ ಕೇಳುವಾಗ ಧೈರ್ಯ ಇರುತ್ತದೆ. ಅಂಗಡಿಯ ಲೆಕ್ಕ ಬರೆಯಲು ಯಾವ ಲೈಸೆನ್ಸೂ ಬೇಕಿಲ್ಲ. ಆಡಿಟ್ ವರದಿಗೆ ಸಹಿ ಹಾಕುವುದು ಮಾತ್ರ ಸಿಎಗಳ (ಚಾರ್ಟರ್ಡ್ ಅಕೌಂಟೆಂಟರ) ಕೆಲಸ.

ಹಂತ 1: ಒಂದು ತಿಂಗಳು ಕೈಯಲ್ಲಿ ಬರೆಯಿರಿ

ಸ್ಟೇಷನರಿ ಅಂಗಡಿಯಲ್ಲಿ ಒಂದು ಕಿರ್ದಿ ಪುಸ್ತಕ (ದಿನದ ನಗದು ಲೆಕ್ಕದ ಪುಸ್ತಕ) ತನ್ನಿ. ಮಾವನ ಕಿರಾಣಿ ಅಂಗಡಿಯೋ ಸ್ನೇಹಿತನ ಬೇಕರಿಯೋ ಹುಡುಕಿಕೊಳ್ಳಿ. ಎಡಕ್ಕೆ ಬಂದ ಹಣ, ಬಲಕ್ಕೆ ಹೋದ ಹಣ. ದಿನದ ಕೊನೆಗೆ ಶಿಲ್ಕು, ಅಂದರೆ ಉಳಿದ ಮೊತ್ತ, ತೆಗೆಯಿರಿ. ಆಮೇಲೆ ಗಲ್ಲಾಪೆಟ್ಟಿಗೆಯ ನೋಟು ಎಣಿಸಿ. ಎರಡೂ ಒಂದೇ ಬರಬೇಕು. ಮೊದಲ ವಾರ ಖಂಡಿತ ಬರುವುದಿಲ್ಲ. ಮಾಲೀಕರು ಮಗನ ಕೈಗೆ ಕೊಟ್ಟ ಇನ್ನೂರು, ಹಮಾಲರಿಗೆ ಕೊಟ್ಟ ಟೀ ಕಾಸು, ಇವೆಲ್ಲ ಬರೆಯದೆ ಉಳಿದಿರುತ್ತವೆ. ಅದನ್ನು ಬೆನ್ನು ಹತ್ತಿ ಕೇಳುವ ಚಾಳಿ ಬಂದರೆ ಅರ್ಧ ಕೆಲಸ ಬಂದ ಹಾಗೆ.

ಮೊಬೈಲಿನಲ್ಲಿ ಸಿಗುವ ಉದ್ರಿ ಆ್ಯಪ್‌ಗಳು ಯಾರು ಎಷ್ಟು ಬಾಕಿ ಅಂತ ನೆನಪಿಡಲು ಸರಿ. ಅದನ್ನೇ ಲೆಕ್ಕದ ಪುಸ್ತಕ ಅಂದುಕೊಳ್ಳಬೇಡಿ.

ಹಂತ 2: ಟ್ಯಾಲಿ

ಬೆಂಗಳೂರಿನದೇ ಕಂಪನಿಯ ಸಾಫ್ಟ್‌ವೇರ್, ನಮ್ಮ ಕಡೆಯ ಮಂಡಿಯಿಂದ ಮಿಲ್ಲಿನವರೆಗೆ ಅದೇ ನಡೆಯುತ್ತದೆ. ಎಫ್5 ಪೇಮೆಂಟ್, ಎಫ್6 ರಸೀದಿ, ಎಫ್7 ಜರ್ನಲ್ (ನಗದು, ಬ್ಯಾಂಕ್ ಮುಟ್ಟದ ಹೊಂದಾಣಿಕೆ), ಎಫ್8 ಮಾರಾಟ, ಎಫ್9 ಖರೀದಿ. ಬೆರಳಿಗೆ ಅಂಟಲು ಹದಿನೈದು ದಿನ ಸಾಕು. ಕಲಿಯುವವರಿಗೆ ಎಜುಕೇಷನಲ್ ಮೋಡ್ ಉಚಿತವಾಗಿ ಸಿಗುತ್ತದೆ. ತಿಂಗಳ ಎರಡು ಮೂರು ತಾರೀಕುಗಳಲ್ಲಿ ಮಾತ್ರ ಎಂಟ್ರಿ ಹಾಕಲು ಬಿಡುತ್ತದೆ, ಆದರೆ ಅಭ್ಯಾಸಕ್ಕೆ ಅಷ್ಟು ಸಾಕು. ಯಾರೋ ಪೆನ್‌ಡ್ರೈವಿನಲ್ಲಿ ಕೊಡುವ ಕ್ರ್ಯಾಕ್ ಮಾಡಿದ ಕಾಪಿಯನ್ನು ಮುಟ್ಟಲೇಬೇಡಿ. ಅದರ ಜೊತೆ ವೈರಸ್ ಬಂದು, ಮಾರ್ಚ್ ಕೊನೆಯ ವಾರದಲ್ಲಿ ಇಡೀ ವರ್ಷದ ಡೇಟಾ ಕಳೆದುಕೊಂಡು ಕೂತವರನ್ನು ನೋಡಿದ್ದೇನೆ.

ಹಂತ 3: ಬ್ಯಾಂಕಿನ ಜೊತೆ ತಾಳೆ

ಇಲ್ಲೇ ಎಲ್ಲರೂ ಎಡವುವುದು. ನಿಧಾನವಾಗಿ ಓದಿ.

ಮೊದಲ ಗೊಂದಲ ಡೆಬಿಟ್ ಕ್ರೆಡಿಟ್‌ನದು. ನೀವು ಬ್ಯಾಂಕಿಗೆ ಹಣ ಕಟ್ಟಿದಾಗ ನಿಮ್ಮ ಪುಸ್ತಕದಲ್ಲಿ ಬ್ಯಾಂಕ್ ಖಾತೆ ಡೆಬಿಟ್. ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಅದೇ ಹಣ ಕ್ರೆಡಿಟ್. ಯಾಕೆ? ಅದು ಬ್ಯಾಂಕಿನವರ ಪುಸ್ತಕ. ಅವರ ಲೆಕ್ಕದಲ್ಲಿ ಅವರು ನಿಮಗೆ ಸಾಲಗಾರರು. ಇಷ್ಟು ತಲೆಗೆ ಹೋದರೆ ಕನ್ನಡಿಯಲ್ಲಿ ಎಡಬಲ ತಿರುಗುವಂತೆ ಎಲ್ಲ ತಿರುಗಿಸಿ ಓದಬಹುದು.

ಈಗ ಒಂದು ಲೆಕ್ಕ. ಮಾರ್ಚ್ 31ಕ್ಕೆ ನಮ್ಮ ಪುಸ್ತಕದ ಪ್ರಕಾರ ಬ್ಯಾಂಕಿನಲ್ಲಿ 1,84,250 ರೂಪಾಯಿ. ಸ್ಟೇಟ್‌ಮೆಂಟಿನಲ್ಲಿ 1,95,040. ವ್ಯತ್ಯಾಸ 10,790.

ಎರಡನ್ನೂ ಪ್ರಿಂಟ್ ತೆಗೆಯಿರಿ. ಸ್ಕ್ರೀನಿನಲ್ಲಿ ನೋಡುತ್ತೇನೆ ಅನ್ನುವವರ ಮಾತು ನಾನು ಕೇಳುವುದಿಲ್ಲ, ಕಣ್ಣು ಸಾಲು ಜಾರುತ್ತದೆ. ಎರಡರಲ್ಲೂ ಇರುವ ಮೊತ್ತಕ್ಕೆ ಪೆನ್ಸಿಲ್ಲಿನಿಂದ ಟಿಕ್ ಹಾಕುತ್ತಾ ಬನ್ನಿ. ಹೈಲೈಟರ್ ಬೇಡ, ತಪ್ಪು ಟಿಕ್ ಅಳಿಸಲು ಬರುವುದಿಲ್ಲ. ಕೊನೆಗೆ ಟಿಕ್ ಇಲ್ಲದೆ ಉಳಿದವೇ ನಿಮ್ಮ ಕೆಲಸ.

ನಮ್ಮ ಪುಸ್ತಕದಲ್ಲಿ ಉಳಿದದ್ದು: 28ರಂದು ವ್ಯಾಪಾರಿಗೆ ಕೊಟ್ಟ 18,400ರ ಚೆಕ್. ಅವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಹಾಗೇ 31ರ ಸಂಜೆ ನಾವು ಹಾಕಿದ ಗಿರಾಕಿಯ ಚೆಕ್ 7,200, ಇನ್ನೂ ಜಮಾ ಆಗಿಲ್ಲ. ಸ್ಟೇಟ್‌ಮೆಂಟಿನಲ್ಲಿ ಉಳಿದದ್ದು: ಬ್ಯಾಂಕ್ ಕತ್ತರಿಸಿಕೊಂಡ 590. ನಮಗೆ ಗೊತ್ತೇ ಇರಲಿಲ್ಲ.

1,84,250ಕ್ಕೆ ಬ್ಯಾಂಕಿನಿಂದ ಇನ್ನೂ ಹೋಗದ 18,400 ಕೂಡಿಸಿ, ಬ್ಯಾಂಕಿಗೆ ಇನ್ನೂ ಬಾರದ 7,200 ಮತ್ತು ಬ್ಯಾಂಕ್ ಕತ್ತರಿಸಿಕೊಂಡ 590 ಕಳೆಯಿರಿ. 1,94,860 ಬಂತು. ಇನ್ನೂ 180 ತಾಳೆ ಇಲ್ಲ.

ಈ ಜಾಗದಲ್ಲಿ ಹೆಚ್ಚಿನವರು ಸುಮ್ನೆ 180 ರೂಪಾಯಿಯನ್ನು ಸಸ್ಪೆನ್ಸ್ ಖಾತೆಗೆ (ಲೆಕ್ಕ ಗೊತ್ತಾಗದ ಮೊತ್ತವನ್ನು ಸದ್ಯಕ್ಕೆ ಇಡುವ ಖಾತೆ) ತಳ್ಳಿ ಮನೆಗೆ ಹೋಗುತ್ತಾರೆ. ‘ನೂರ ಎಂಬತ್ತು ತಾನೇ ಸರ್’ ಅಂತ. ಅದು 180 ಅಂತ ಹೇಗೆ ಗೊತ್ತು? ಐವತ್ತು ಸಾವಿರದ ಒಂದು ತಪ್ಪು, ಅದರ ಎದುರಿಗೆ ಇನ್ನೊಂದು ತಪ್ಪು ಕೂತು ಕೊನೆಗೆ 180 ಕಾಣುತ್ತಿರಬಹುದು. ಸಸ್ಪೆನ್ಸ್ ಖಾತೆ ಅಂದರೆ ಮಂಚದ ಕೆಳಗೆ ಗುಡಿಸಿದ ಕಸ.

180 ಅನ್ನು 9ರಿಂದ ಭಾಗಿಸಿ. ಶೇಷ ಉಳಿಯುವುದಿಲ್ಲ ಅಲ್ವಾ? ಹಾಗಾದರೆ ಎಲ್ಲೋ ಅಂಕಿ ಅದಲು ಬದಲಾಗಿರುವ ಸಾಧ್ಯತೆ ಜಾಸ್ತಿ. ಟಿಕ್ ಹಾಕಿದ ಸಾಲುಗಳನ್ನೇ ಮತ್ತೆ ನೋಡಿ. ಸಿಕ್ಕಿತು: ನಾವು ಕೊಟ್ಟ 5,460ರ ಚೆಕ್ಕನ್ನು 5,640 ಅಂತ ಬರೆದಿದ್ದೇವೆ. ಆತುರದಲ್ಲಿ ಟಿಕ್ ಕೂಡ ಬಿದ್ದಿದೆ. 1,500 ಬರೆಯುವ ಕಡೆ ಸೊನ್ನೆ ಬಿಟ್ಟು 150 ಬರೆದರೂ ವ್ಯತ್ಯಾಸ 9ರಿಂದ ಭಾಗವಾಗುತ್ತದೆ. ವ್ಯತ್ಯಾಸದ ಅರ್ಧದಷ್ಟು ಮೊತ್ತ ಎಲ್ಲಾದರೂ ಇದ್ದರೆ ಅದನ್ನೂ ನೋಡಿ, ಬಲಕ್ಕೆ ಹೋಗಬೇಕಾದದ್ದು ಎಡಕ್ಕೆ ಬಿದ್ದಿರುತ್ತದೆ.

ಈಗ ಯಾವುದಕ್ಕೆ ಎಂಟ್ರಿ ಹಾಕಬೇಕು? 590ಕ್ಕೆ ಹಾಕಬೇಕು, 180ರ ತಪ್ಪು ತಿದ್ದಬೇಕು. ಎರಡು ಚೆಕ್‌ಗಳಿಗೆ ಏನೂ ಮಾಡಬಾರದು, ಅವು ತಾವಾಗಿ ಸರಿಹೋಗುತ್ತವೆ. ಟ್ಯಾಲಿಯ ಬ್ಯಾಂಕ್ ರೀಕನ್ಸಿಲಿಯೇಷನ್ (ಬ್ಯಾಂಕ್ ತಾಳೆ) ಪರದೆಯಲ್ಲಿ ಬ್ಯಾಂಕಿನ ತಾರೀಕು ಖಾಲಿ ಬಿಟ್ಟರೆ ಆಯಿತು. ಆದರೆ ಚೆಕ್ಕಿಗೆ ಮೂರು ತಿಂಗಳು ಮಾತ್ರ ಆಯಸ್ಸು. ಜುಲೈನಲ್ಲೂ ಆ 18,400 ಹಾಗೇ ಕೂತಿದ್ದರೆ ವ್ಯಾಪಾರಿಗೆ ಫೋನ್ ಮಾಡಿ, ಎಂಟ್ರಿ ವಾಪಸ್ ತಿರುಗಿಸಿ.

ಇನ್ನೊಂದು ಮಾತು. 590 ಅಂದರೆ 500 ಶುಲ್ಕ, 90 ಜಿಎಸ್‌ಟಿ. ಪೂರ್ತಿ 590 ಅನ್ನು ‘ಬ್ಯಾಂಕ್ ಚಾರ್ಜಸ್’ಗೆ ಸುರಿಯಬೇಡಿ. ಅಂಗಡಿಯ ಜಿಎಸ್‌ಟಿ ನಂಬರ್ ಬ್ಯಾಂಕಿನಲ್ಲಿ ನೋಂದಾಯಿಸಿದ್ದರೆ ಸಾಮಾನ್ಯವಾಗಿ ಆ 90 ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಅಂಗಡಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು, ಸಿಗುತ್ತದೆ.

ಇದನ್ನು ವಾರಕ್ಕೊಮ್ಮೆ ಮಾಡಿ, ಸೋಮವಾರ ಬೆಳಿಗ್ಗೆ. ವರ್ಷದ ಕೊನೆಗೆ ಮಾಡುತ್ತೇನೆ ಅನ್ನುವುದು ವರ್ಷದ ಪಾತ್ರೆ ಯುಗಾದಿಗೆ ತೊಳೆಯುತ್ತೇನೆ ಅಂದ ಹಾಗೆ.

ಹಂತ 4: ತಾರೀಕುಗಳು

ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಂಡ ಆದಾಯ ತೆರಿಗೆ) ಕಟ್ಟಲು ಮುಂದಿನ ತಿಂಗಳ 7, ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30. ನೌಕರರ ಭವಿಷ್ಯ ನಿಧಿ (ಪಿಎಫ್), ಆರೋಗ್ಯ ವಿಮೆ (ಇಎಸ್‌ಐ) ಹಣಕ್ಕೆ 15. ತಿಂಗಳು ತಿಂಗಳು ಸಲ್ಲಿಸುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಹನ್ನೊಂದಕ್ಕೆ, ತೆರಿಗೆ ಕಟ್ಟುವ 3ಬಿ ಇಪ್ಪತ್ತಕ್ಕೆ. ನಡುವೆ 14ಕ್ಕೆ ಬರುವ 2ಬಿಯನ್ನು (ನಿಮಗೆ ಸಿಗುವ ಇನ್‌ಪುಟ್ ಕ್ರೆಡಿಟ್ ಪಟ್ಟಿ) ನಿಮ್ಮ ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಿ. ಇಲ್ಲೂ ಅದೇ ಪೆನ್ಸಿಲ್ ಕೆಲಸ. ಕರ್ನಾಟಕದ ಅಂಗಡಿಗಳ ಜಿಎಸ್‌ಟಿ ನಂಬರ್ 29ರಿಂದ ಶುರುವಾಗುತ್ತದೆ. ಬಿಲ್ಲಿನ ಮೇಲೆ 27 ಕಂಡರೆ ಮಾಲು ಕೊಟ್ಟವರು ಮಹಾರಾಷ್ಟ್ರದವರು, ತೆರಿಗೆ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಮಾರಿದಾಗಿನ ಜಿಎಸ್‌ಟಿ) ಇರಬೇಕು.

ಹಂತ 5: ಕೆಲಸ ಹುಡುಕುವುದು

ಮೊದಲ ಎರಡು ವರ್ಷ ಯಾವುದಾದರೂ ಸಿಎ ಆಫೀಸು ಸೇರಿ. ಸಂಬಳ ಕಡಿಮೆ, ಕೂಗಾಟ ಜಾಸ್ತಿ, ಆದರೆ ಅಕ್ಕಿ ಗಿರಣಿ, ಮೆಡಿಕಲ್ ಶಾಪ್, ಕಾಂಟ್ರ್ಯಾಕ್ಟರ್ ಎಲ್ಲರ ಪುಸ್ತಕವೂ ಕೈಗೆ ಸಿಗುತ್ತದೆ. ಆಮೇಲೆ ನಾಲ್ಕೈದು ಅಂಗಡಿಗಳ ಲೆಕ್ಕವನ್ನು ಪಾರ್ಟ್ ಟೈಮ್ ಹಿಡಿಯಬಹುದು. ನಾನು ಹಾಗೇ ಮಾಡಿದವನು.

ಹೊಸ ಅಂಗಡಿ ಒಪ್ಪಿಕೊಂಡ ದಿನ ಹಳೆಯ ಅಕೌಂಟೆಂಟ್ ಬರೆದಿಟ್ಟ ಆರಂಭದ ಶಿಲ್ಕನ್ನು ನಂಬಿ ಕೂರಬೇಡಿ. ನಾನು ಒಮ್ಮೆ ನಂಬಿದೆ. ಪುಸ್ತಕದಲ್ಲಿ ನಗದು 62,000 ಇತ್ತು, ಪೆಟ್ಟಿಗೆಯಲ್ಲಿ ಒಂಬತ್ತು ಸಾವಿರವೂ ಇರಲಿಲ್ಲ. ಮೂರು ತಿಂಗಳಾದ ಮೇಲೆ ಮಾಲೀಕರು ಎಣಿಸಿ ನನ್ನ ಮುಖ ನೋಡಿದರು. ಆವತ್ತಿನಿಂದ ಮೊದಲ ದಿನವೇ ಮಾಲೀಕರನ್ನು ಎದುರಿಗೆ ಕೂರಿಸಿಕೊಂಡು ನೋಟು ಎಣಿಸುತ್ತೇನೆ, ಕಾಗದದ ಮೇಲೆ ಬರೆದು ಅವರ ಸಹಿ ಹಾಕಿಸಿಕೊಳ್ಳುತ್ತೇನೆ. ಗಲ್ಲಾದ ಬೀಗದ ಕೈ ಕೊಡಲು ಬಂದರೆ ಮಾತ್ರ ತೆಗೆದುಕೊಳ್ಳುವುದಿಲ್ಲ. ಲೆಕ್ಕ ಬರೆಯುವವನ ಹತ್ತಿರ ಬೀಗದ ಕೈ ಇರಬಾರದು.